60 ಲೀಟರ್ ಟ್ಯಾಂಕ್: ಗೋಲ್ಡ್‌ಫಿಶ್ ಜೊತೆ ಯಾವ ಮೀನು ಬಿಡಬಹುದು?

ಹೊಸನೀರು:
ನಮಸ್ಕಾರ. ಎರಡಡಿ ಉದ್ದದ ಟ್ಯಾಂಕ್ ಇದೆ, ಸುಮಾರು 60 ಲೀಟರ್. ಫಿಲ್ಟರ್, ಹೀಟರ್ ಎರಡೂ ಇವೆ. ಸದ್ಯ ಎರಡು ಗೋಲ್ಡ್‌ಫಿಶ್ ಮರಿಗಳು ಮಾತ್ರ ಇರುವುದರಿಂದ ಖಾಲಿ ಖಾಲಿ ಕಾಣುತ್ತದೆ. ನಿಯಾನ್ ಟೆಟ್ರಾ, ಜೋಡಿ ಏಂಜೆಲ್, ನಾಲ್ಕು ಟೈಗರ್ ಬಾರ್ಬ್, ಪಾಚಿ ತಿನ್ನಲು ಒಂದು ಸಕರ್ ಬಿಡೋಣ ಅಂತಿದ್ದೇನೆ. ಅಂಗಡಿಯಲ್ಲಿ ಎಲ್ಲವೂ ಒಂದೇ ಟ್ಯಾಂಕಿನಲ್ಲಿ ತಣ್ಣಗೆ ಇದ್ದವು. ಮನೆಯಲ್ಲೂ ಇರುತ್ತವೆ ಅಲ್ವಾ?

ನೀರುಕೋಳಿ:
ಗೋಲ್ಡ್‌ಫಿಶ್ ಬೇಕೋ, ಉಳಿದವು ಬೇಕೋ? ಮೊದಲು ಅದನ್ನು ಹೇಳಿ. ಎರಡೂ ಆಗುವುದಿಲ್ಲ.

ಪಾಚಿಪ್ರಿಯ:
ಅಂಗಡಿಯಲ್ಲಿ ನೀವು ನೋಡಿದ್ದು ಮರಿಗಳನ್ನು. ದೊಡ್ಡವಾದ ಮೇಲಲ್ಲವೇ ಅವುಗಳ ಗುಣ ಗೊತ್ತಾಗುವುದು!

ಗೋಲ್ಡ್‌ಫಿಶ್‌ಗೆ 20 ಡಿಗ್ರಿ ಆಸುಪಾಸಿನ ನೀರು ಹಿತ. ಏಂಜೆಲ್‌ಗೆ 26 ಬೇಕು. ಹೀಟರ್ ಯಾರಿಗೆ ಹೊಂದಿಸುತ್ತೀರಿ? ಗೋಲ್ಡ್‌ಫಿಶ್ ಹೊಲಸು ಮಾಡುವುದೂ ಜಾಸ್ತಿ, ಬೆಳೆಯುವುದೂ ಜಾಸ್ತಿ. ಅವಕ್ಕೇ 60 ಲೀಟರ್ ಸಾಲದು. ದೊಡ್ಡ ಟ್ಯಾಂಕೋ ಕೊಳವೋ ಇರುವವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ.

ಏಂಜೆಲ್, ನಿಯಾನ್ ಎರಡೂ ಅಮೆಜಾನ್ ಕಡೆಯವು. ಒಂದೇ ಊರಿನವರು ಅಂತ ಜೊತೆಗೆ ಬಿಡುವವರಿದ್ದಾರೆ. ಆದರೆ ಏಂಜೆಲ್ 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ನಿಯಾನ್ 4 ದಾಟುವುದಿಲ್ಲ. ಬೆಳಿಗ್ಗೆ ಎದ್ದು ಎಣಿಸಿದರೆ ಕಡಿಮೆ ಇರುತ್ತವೆ, ಅಷ್ಟೇ.

ಟೈಗರ್ ಬಾರ್ಬ್ ನನಗೆ ತುಂಬ ಇಷ್ಟದ ಮೀನು. ಆದರೂ ಏಂಜೆಲ್ ಜೊತೆ ಬೇಡವೇ ಬೇಡ. ಇಳಿಬಿದ್ದ ರೆಕ್ಕೆ ಕಂಡರೆ ಅದು ಕಚ್ಚದೆ ಬಿಡುವುದಿಲ್ಲ. ನಾಲ್ಕೇ ಇದ್ದರಂತೂ ಕಾಟ ಇನ್ನೂ ಹೆಚ್ಚು. ಎಂಟು ಹತ್ತು ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡಿರುತ್ತವೆ. ಅದಕ್ಕೆ ಇನ್ನೂ ದೊಡ್ಡ ಟ್ಯಾಂಕ್ ಬೇಕು.

ಸಾಮಾನ್ಯ ಸಕರ್ ಒಂದಡಿಗೂ ಮೀರಿ ಬೆಳೆಯುತ್ತದೆ. ನಿಮ್ಮ ಟ್ಯಾಂಕಿನ ಅಗಲವೇ ಒಂದಡಿ ಇರಬಹುದು. ಅದು ತಿರುಗುವುದು ಹೇಗೆ?

ನಾನಾದರೆ ನಡುನೀರಿಗೆ ಎಂಟು ನಿಯಾನ್, ತಳಕ್ಕೆ ಆರು ಕೋರಿ (ಕೋರಿಡೋರಸ್, ತಳ ಕೆದಕುವ ಪುಟ್ಟ ಮೀಸೆಮೀನು), ಮೇಲಕ್ಕೆ ಒಂದು ಹನಿ ಗೌರಾಮಿ (ಜೇನುಬಣ್ಣದ ಪುಟ್ಟ ಮೀನು) ಬಿಡುತ್ತೇನೆ. ನೀರು 24-25 ಡಿಗ್ರಿ. ಕೋರಿಗೆ ತಳದಲ್ಲಿ ನಯವಾದ ಮರಳು ಹಾಕಿ. ಚೂಪು ಕಲ್ಲಿದ್ದರೆ ಕೆದಕಿ ಕೆದಕಿ ಮೀಸೆ ಸವೆಯುತ್ತದೆ.

ಹೊಸನೀರು:
ಸರಿ, ಗೋಲ್ಡ್‌ಫಿಶ್ ಕೊಟ್ಟುಬಿಡುತ್ತೇನೆ. ನಿಯಾನ್ ಬದಲು ಗಪ್ಪಿ ಆಗುತ್ತದೆಯೇ? ಮನೆಯ ಮಕ್ಕಳಿಗೆ ಬಣ್ಣದ ಬಾಲ ಬೇಕಂತೆ.

ಪಾಚಿಪ್ರಿಯ:
ಅದನ್ನು ನಿಮ್ಮ ನೀರು ಹೇಳಬೇಕು. ಟೆಸ್ಟ್ ಕಿಟ್ ತಂದು ಗಡಸುತನ ನೋಡಿ. ಗಡಸು ನೀರಾದರೆ ಗಪ್ಪಿಯೇ ಸರಿ. ಮೆದು ನೀರಾದರೆ ನಿಯಾನ್. ಗಪ್ಪಿ ತಂದರೆ ಗಂಡುಗಳನ್ನೇ ಆರಿಸಿ, ಇಲ್ಲವಾದರೆ ಟ್ಯಾಂಕ್ ತುಂಬ ಮರಿಗಳೇ.

ನೀರುಕೋಳಿ:
ಎಲ್ಲವನ್ನೂ ಒಂದೇ ದಿನ ತರಬೇಡಿ. ಮೀನು ಹೆಚ್ಚಿದಂತೆ ಅಮೋನಿಯಾ ಏರುತ್ತದೆ, ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾವೇ ಅದನ್ನು ಒಡೆಯುವುದು, ಅವು ತಕ್ಕಷ್ಟು ಬೆಳೆಯಲು ಸಮಯ ಬೇಕು. ಮೊದಲು ಕೋರಿ ಬಿಡಿ. ಎರಡು ವಾರ ಬಿಟ್ಟು ಅಮೋನಿಯಾ, ನೈಟ್ರೈಟ್ (ಅಮೋನಿಯಾ ಒಡೆದಾಗ ಬರುವ ವಿಷ) ಎರಡೂ ಸೊನ್ನೆ ಇದ್ದರೆ ಮುಂದಿನವು. ಗೋಲ್ಡ್‌ಫಿಶ್ ಕೊಟ್ಟ ಮೇಲೆ ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್ ಇದ್ದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.