ಉದ್ದ ದಾರಿಗೆ ಎಲ್‌ಸಿ 500 ತಗೊಳ್ಳಲೋ, ಕೇಮನ್ ಜಿಟಿಎಸ್ ತಗೊಳ್ಳಲೋ? ಸೊಂಟ ನೋವಿದೆ, ಆಸೆಯೂ ಇದೆ

ಉದ್ದದಾರಿ: ಎರಡು ಸೆಕೆಂಡ್ ಹ್ಯಾಂಡ್ ಕಾರುಗಳ ಮುಂದೆ ಬಂದು ನಿಂತಿದ್ದೇನೆ. ಒಂದು ಲೆಕ್ಸಸ್ ಎಲ್‌ಸಿ 500. ಮುಂದೆ 5 ಲೀಟರಿನ ವಿ8 (ಎಂಟು ಸಿಲಿಂಡರಿನ) ಎಂಜಿನ್, ಟರ್ಬೊ ಇಲ್ಲ, 10 ಗೇರಿನ ಆಟೋಮ್ಯಾಟಿಕ್. ಇನ್ನೊಂದು ಪೋರ್ಷೆ 718 ಕೇಮನ್ ಜಿಟಿಎಸ್ 4.0. ಬೆನ್ನ ಹಿಂದೆಯೇ 4 ಲೀಟರಿನ ಫ್ಲಾಟ್ ಸಿಕ್ಸ್ (ಆರು ಸಿಲಿಂಡರ್ ಅಡ್ಡ ಮಲಗಿಸಿದ) ಎಂಜಿನ್, 6 ಗೇರಿನ ಮ್ಯಾನುವಲ್. ತಿಂಗಳಿಗೆ ಎರಡು ಸಲ 400 ಕಿಮೀ ಹೋಗಿ 400 ಕಿಮೀ ವಾಪಸ್ ಬರುವವನು ನಾನು. ಎಲ್ಲಾ ಹೆದ್ದಾರಿ, ಪಕ್ಕದಲ್ಲಿ ಹೆಂಡತಿ. ವರ್ಷಕ್ಕೆ ನಾಲ್ಕೈದು ಸಲ ಘಾಟಿ ರಸ್ತೆ. ಮೂರು ಗಂಟೆ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ. ಎರಡನ್ನೂ ಓಡಿಸಿ ನೋಡಿದೆ. ಕೇಮನ್‌ನಿಂದ ಇಳಿದಾಗ ಖುಷಿಗೆ ಕೈ ನಡುಗುತ್ತಿತ್ತು. ಎಲ್‌ಸಿಯಿಂದ ಇಳಿದಾಗ, ಅಯ್ಯೋ ಇನ್ನೂ ಸ್ವಲ್ಪ ದೂರ ಹೋಗಬೇಕಿತ್ತು ಅನ್ನಿಸಿತು. ಯಾವುದು ತಗೊಳ್ಳಲಿ?

ಹೀಲ್‌ಟೋ: ಉತ್ತರ ನೀವೇ ಬರೆದಿದ್ದೀರಲ್ಲ, "ಕೈ ನಡುಗುತ್ತಿತ್ತು" ಅಂತ. ಎಲ್‌ಸಿ 1,900 ಕೆಜಿ ದಾಟುತ್ತದೆ, ಕೇಮನ್ 1,400ರ ಆಸುಪಾಸು. ಅಂದರೆ ಎಲ್‌ಸಿಯಲ್ಲಿ ನೀವಿಬ್ಬರಲ್ಲದೆ ಇನ್ನೂ ಏಳು ಜನರನ್ನು ಹೊತ್ತುಕೊಂಡು ಓಡುತ್ತೀರಿ. ಪ್ರತಿ ತಿರುವಿನಲ್ಲೂ ಆ ಏಳೂ ಜನ ಹೊರಗಡೆಗೆ ವಾಲುತ್ತಾರೆ. ಕೇಮನ್ ತಗೊಳ್ಳಿ, ಮುಗೀತು.

ಸೋಫಾರಾಜ: "ಏಳು ಜನ" ಅಂತೆ. ಆ ಏಳು ಜನವೇ ಸ್ವಾಮಿ ಹೆದ್ದಾರಿಯಲ್ಲಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವುದು. ಹಗುರ ಕಾರು ರಸ್ತೆಯ ಪ್ರತಿ ಗೆರೆಗೂ ಕುಣಿಯುತ್ತದೆ. ಈ ಮನುಷ್ಯ ತಿಂಗಳಿಗೆ 1,600 ಕಿಮೀ ಹೆದ್ದಾರಿ ಓಡಿಸುತ್ತಾರೆ, ಘಾಟಿ ವರ್ಷಕ್ಕೆ ಐದು ದಿನ. ಇದರಲ್ಲಿ ಕೇಳುವುದೇನಿದೆ? ಎಲ್‌ಸಿ ಒಂದು ಗ್ರ್ಯಾನ್ ಟುರಿಸ್ಮೊ, ಅಂದರೆ ಜಿಟಿ. ಹಾಗಂದರೇ ದೂರದ ಪ್ರಯಾಣಕ್ಕೆ ಕಟ್ಟಿದ ಕಾರು. ಸ್ಪೋರ್ಟ್ಸ್ ಕಾರಿನ ಜಾತಿಯೇ ಬೇರೆ.

ಸ್ಪ್ಯಾನರ್ ಅಕ್ಕ: ಒತ್ತಿ ಹಿಡಿಯುವ ಮಾತು ಅರ್ಧ ಸರಿ. ಮುಖ್ಯ ಒಟ್ಟು ತೂಕ ಅಲ್ಲ. ಸ್ಪ್ರಿಂಗ್ ಮೇಲೆ ಕೂತ ಬಾಡಿಯ ತೂಕಕ್ಕೂ, ಅದರ ಕೆಳಗಿನ ಚಕ್ರ, ಟಯರು, ಬ್ರೇಕಿನ ತೂಕಕ್ಕೂ ಇರುವ ಹೋಲಿಕೆ. ಚಕ್ರ ಅದೇ ಇದ್ದು ಬಾಡಿ ಭಾರವಾದರೆ ಅಲುಗಾಟ ಕಡಿಮೆ, ನಿಜ. ಆದರೆ ಹಗುರ ಕಾರಿಗೆ ಮೆತ್ತನೆ ಸ್ಪ್ರಿಂಗ್ ಹಾಕಬಹುದು, ಅದನ್ನು ಮರೆಯುತ್ತೀರಿ. 2017ರಲ್ಲಿ ಬಂದ ಆಲ್ಪೀನ್ ಎ110 ನೋಡಿ. ಸುಮಾರು 1,100 ಕೆಜಿ, ಮಧ್ಯದಲ್ಲಿ ಎಂಜಿನ್, ಆದರೂ ಕೆಟ್ಟ ರಸ್ತೆಯಲ್ಲಿ ಹಾಯಾಗಿ ಹೋಗುತ್ತದೆ. ಇನ್ನೊಂದು ವಿಷಯ. ಎಲ್‌ಸಿಗೆ ಕಂಪನಿ ಕೊಡುವುದು ರನ್‌ಫ್ಲಾಟ್ ಟಯರು, ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು. ಅದರ ಅಂಚು ಗಟ್ಟಿ. ಕೊಳ್ಳುವ ಮುಂಚೆ ಯಾವ ಟಯರಿದೆ ಅಂತ ನೋಡಿ.

ಹಳೇ ಕ್ಲಚ್: "ಜಾತಿಯೇ ಬೇರೆ" ಅಂತ ಯಾರು ಹೇಳಿದ್ದು? 1951ರ ಲಾಂಚಿಯಾ ಔರೇಲಿಯಾ ಬಿ20 ಜಿಟಿ. ಜಿಟಿ ಅನ್ನುವ ಕಲ್ಪನೆಗೆ ಆಕಾರ ಕೊಟ್ಟ ಕಾರು ಅಂತ ಬಹಳ ಜನ ಒಪ್ಪುವುದು ಇದನ್ನೇ. ಅದೇ ವರ್ಷ ಅದು ಮಿಲ್ಲೆ ಮಿಲ್ಯಾ ರೇಸಿನಲ್ಲಿ ಒಟ್ಟಾರೆ ಎರಡನೇ ಸ್ಥಾನಕ್ಕೆ ಬಂತು. 2 ಲೀಟರಿನ ವಿ6! ಫೆರಾರಿ 250 ಜಿಟಿಒ, ಅದರಲ್ಲೂ ಜಿಟಿ ಅಂದರೆ ಗ್ರ್ಯಾನ್ ಟುರಿಸ್ಮೊ ತಾನೇ? ಕಟ್ಟಿದ್ದು 36, ರೇಸಿಗಾಗಿ. ಅದರಲ್ಲಿ ಯಾರಾದರೂ ಹಾಯಾಗಿ ಕಾಲು ಚಾಚಿ ಕೂತಿದ್ದನ್ನು ನೋಡಿದ್ದೀರಾ? ಅಷ್ಟಕ್ಕೂ ಇವರು ಕೇಳುತ್ತಿರುವ ಕೇಮನ್ ಹೆಸರೇ ಜಿಟಿಎಸ್. ಅಂದರೆ ಇಲ್ಲಿರುವುದು ಎರಡು ಜಿಟಿ.

ಸೋಫಾರಾಜ: ಥ್ಯಾಂಕ್ಸ್ ಹಳೇ ಕ್ಲಚ್, ನನ್ನ ಕೆಲಸ ನೀವೇ ಮಾಡಿಕೊಟ್ಟಿರಿ. "ಮಿಲ್ಲೆ ಮಿಲ್ಯಾ" ಅಂದರೆ ಸಾವಿರ ಮೈಲಿ, ಸುಮಾರು 1,600 ಕಿಮೀ, ಎಲ್ಲಾ ಊರ ರಸ್ತೆ. ಅಷ್ಟು ದೂರ ಓಡಿಸುವವನು ಸುಸ್ತಾಗದ ಕಾರು ಎರಡನೇ ಸ್ಥಾನಕ್ಕೆ ಬಂತು. ಹಾಯಾಗಿ ಕೂತವನು ಕೊನೆಗೆ ಮುಂದೆ ಇರುತ್ತಾನೆ. ಕಾಕತಾಳೀಯ ನೋಡಿ, ಉದ್ದದಾರಿಯವರ ತಿಂಗಳ ಲೆಕ್ಕವೂ 1,600.

ಹೀಲ್‌ಟೋ: "ಎರಡನೇ ಸ್ಥಾನ". ಗೆದ್ದಿದ್ದು ಯಾವುದು ಅಂತ ಇಬ್ಬರೂ ಬೇಕಂತಲೇ ಬಿಟ್ಟಿರಿ. 4.1 ಲೀಟರ್ ವಿ12 ಇದ್ದ ಫೆರಾರಿ.

ಹಳೇ ಕ್ಲಚ್: ಹೌದು, ಎರಡು ಪಟ್ಟು ದೊಡ್ಡ ಎಂಜಿನ್ ಇಟ್ಟುಕೊಂಡು ಗೆದ್ದಿತು. ಅದನ್ನು ಹೇಳುವುದು ನೀವು ಬಿಟ್ಟಿರಿ. ಸೋಫಾರಾಜ, ಔರೇಲಿಯಾ ಸುಸ್ತು ಮಾಡಲಿಲ್ಲ ಅಂತ ನಿಮಗೆ ಯಾರು ಹೇಳಿದರು? ನೀವೇ ಓಡಿಸಿದಿರಾ?

ಉದ್ದದಾರಿ: ಎಲ್ಲರಿಗೂ ಥ್ಯಾಂಕ್ಸ್. 1951ಕ್ಕೂ ನನ್ನ ಸೊಂಟಕ್ಕೂ ಸಂಬಂಧ ಏನು ಅಂತ ಗೊತ್ತಾಗುತ್ತಿಲ್ಲ. ಸೀಟಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಹೀಲ್‌ಟೋ: ಇತಿಹಾಸವೇ ಬೇಕು ಅಂದರೆ ಪೋರ್ಷೆಯದೇ ತಗೊಳ್ಳಿ. ಅವರ 911 ಕಾರು ಹಳತಾಯಿತು, ಅದರ ಜಾಗಕ್ಕೆ ಹಾಯಾದ ದೊಡ್ಡ ಜಿಟಿ ಬರಲಿ ಅಂತ 1977ರಲ್ಲಿ 928 ತಂದರು. ಮುಂದೆ ವಿ8, ಥೇಟ್ ನಿಮ್ಮ ಎಲ್‌ಸಿ ಥರ. 1995ಕ್ಕೆ ನಿಂತುಹೋಯಿತು. 911 ಇವತ್ತಿಗೂ ಇದೆ. ಜನ ಯಾವುದಕ್ಕೆ ಓಟು ಹಾಕಿದರು?

ಸೋಫಾರಾಜ: 928ಕ್ಕೆ 1978ರ ಯುರೋಪಿನ ವರ್ಷದ ಕಾರು ಪ್ರಶಸ್ತಿ ಬಂತು, ಅದನ್ನು ನುಂಗಿಬಿಟ್ಟಿರಲ್ಲ. ನಿಮ್ಮ 911ಕ್ಕೆ ಬಂತಾ?

ಹೀಲ್‌ಟೋ: ತೀರ್ಪುಗಾರರು ಪ್ರಶಸ್ತಿ ಕೊಡುತ್ತಾರೆ, ದುಡ್ಡು ಕೊಡುವುದಿಲ್ಲ.

ಹಳೇ ಕ್ಲಚ್: ಇಬ್ಬರೂ 911 ಸ್ಪೋರ್ಟ್ಸ್ ಕಾರು ಅಂತ ಒಪ್ಪಿಕೊಂಡೇ ಜಗಳ ಆಡುತ್ತಿದ್ದೀರಿ. ಹಿಂದೆ ಎರಡು ಪುಟ್ಟ ಸೀಟು, ಮುಂದೆ ಡಿಕ್ಕಿ, ದಿನಾ ಓಡಿಸಬಹುದು, ದೂರವೂ ಹೋಗಬಹುದು. ಅದಕ್ಕಿಂತ ಒಳ್ಳೆ ಜಿಟಿ ಯಾವುದಿದೆ? ನನ್ನ ಪ್ರಕಾರ 928 ಸೋತಿದ್ದು ಒಂದು ಜಿಟಿಗೇ.

ಸೋಫಾರಾಜ: ಆ "ಪುಟ್ಟ ಸೀಟಿನಲ್ಲಿ" ನೀವು ಕೂತು 400 ಕಿಮೀ ಬನ್ನಿ. ಆಮೇಲೆ ಮಾತಾಡೋಣ.

ಸ್ಪ್ಯಾನರ್ ಅಕ್ಕ: ಪಾಪ ಅವರು ಕೇಳಿದ್ದು ಸೀಟು. ಉದ್ದದಾರಿಯವರೇ, ನೀವು ನೋಡಿದ ಕೇಮನ್‌ನಲ್ಲಿ ಯಾವ ಸೀಟಿದೆ ಅನ್ನುವುದು ದೊಡ್ಡ ಪ್ರಶ್ನೆ. ಮೊದಲ ಮಾಲೀಕರು ಫುಲ್ ಬಕೆಟ್ (ರೇಸ್ ಕಾರಿನ ಥರದ ಸೀಟು) ಹಾಕಿಸಿದ್ದರೆ ಅದರ ಬೆನ್ನು ಹಿಂದಕ್ಕೆ ಬಾಗುವುದೇ ಇಲ್ಲ, ಎತ್ತರ ತಗ್ಗು, ಹಿಂದೆ ಮುಂದೆ ಅಷ್ಟೇ. ಸೊಂಟ ನೋವಿದ್ದವರಿಗೆ ಅದು ಶಿಕ್ಷೆ. 18 ಥರ ಹೊಂದಿಸುವ ಸೀಟು ಇದ್ದರೆ ಕಥೆಯೇ ಬೇರೆ, ಸೊಂಟದ ಹತ್ತಿರ ಉಬ್ಬಿಸಿಕೊಳ್ಳಬಹುದು. ಮತ್ತೆ ಕಂಫರ್ಟ್ ಬಟನ್ ನಂಬಬೇಡಿ. ಈ ಎರಡು ಕಾರಿನಲ್ಲೂ ಅದು ಬದಲಾಯಿಸುವುದು ಶಾಕ್ ಅಬ್ಸಾರ್ಬರನ್ನು, ಸ್ಪ್ರಿಂಗ್ ಅದೇ ಇರುತ್ತದೆ.

ಹೀಲ್‌ಟೋ: "ಶಿಕ್ಷೆ" ಅಂತೆ! ಬಕೆಟ್ ಸೀಟು ಮೈಯನ್ನು ಸರಿಯಾಗಿ ಹಿಡಿಯುವುದರಿಂದ ಸೊಂಟಕ್ಕೆ ಒಳ್ಳೆಯದೇ. ನಾನು ಎರಡು ವರ್ಷದಿಂದ ಅದರಲ್ಲೇ ಓಡಾಡುತ್ತಿದ್ದೇನೆ, ಏನೂ ಆಗಿಲ್ಲ.

ಸ್ಪ್ಯಾನರ್ ಅಕ್ಕ: ನಿಮಗೆ ಎಷ್ಟು ವಯಸ್ಸು?

ಹೀಲ್‌ಟೋ: ಅದು ಇಲ್ಲಿ ಬೇಡ. ಡಿಕ್ಕಿ ವಿಷಯಕ್ಕೆ ಬನ್ನಿ, ಯಾರೂ ಎತ್ತಿಲ್ಲ. ದೂರ ಪ್ರಯಾಣದ ಕಾರು ಅಂತೀರಲ್ಲ, ಎಲ್‌ಸಿ ಡಿಕ್ಕಿ 200 ಲೀಟರ್ ಕೂಡ ಇಲ್ಲ. ಕೇಮನ್‌ಗೆ ಮುಂದೊಂದು, ಹಿಂದೊಂದು. ಮುಂದಿನದೇ 150 ಲೀಟರ್, ಎರಡೂ ಸೇರಿ 400 ದಾಟುತ್ತದೆ. ಪ್ರಯಾಣದ ಕಾರಿನಲ್ಲಿ ಪೆಟ್ಟಿಗೆ ಹಿಡಿಯಲ್ಲ, ಆಟದ ಕಾರಿನಲ್ಲಿ ಹಿಡಿಯುತ್ತದೆ. ಈಗ ಹೇಳಿ ಸೋಫಾರಾಜರೇ.

ಸೋಫಾರಾಜ: "ಹಿಂದೊಂದು" ಇರುವುದು ಎಂಜಿನ್ ಪಕ್ಕದಲ್ಲಿ. ಎರಡು ಗಂಟೆ ಓಡಿದ ಮೇಲೆ ಒಳಗಿಟ್ಟ ಚೀಲ ಮುಟ್ಟಿ ನೋಡಿ, ಇಸ್ತ್ರಿ ಮಾಡಿದ ಹಾಗಿರುತ್ತದೆ. ಎಲ್‌ಸಿಯಲ್ಲಿ ಹಿಂದಿನ ಸೀಟಿದೆ, ಚೀಲ ಅಲ್ಲಿಡಿ.

ಹೀಲ್‌ಟೋ: ಅಂದರೆ ಹಿಂದಿನ ಸೀಟು ಮನುಷ್ಯರಿಗಲ್ಲ, ಚೀಲಕ್ಕೆ. ಒಪ್ಪಿಕೊಂಡಿರಿ, ಸಂತೋಷ. 911ರ ಹಿಂದಿನ ಸೀಟಿಗೆ ಮಾತ್ರ ನಗುತ್ತಿದ್ದಿರಿ.

ಸೋಫಾರಾಜ: ನಾನು ಏನೂ ಒಪ್ಪಿಕೊಂಡಿಲ್ಲ. ಬಾಯಿಗೆ ಮಾತು ತುರುಕಬೇಡಿ. ನಿಮ್ಮ ಕೇಮನ್‌ನ ಎರಡನೇ ಗೇರೊಂದೇ ಗಂಟೆಗೆ 130 ಕಿಮೀ ತನಕ ಎಳೆಯುತ್ತದೆ. ಆ ಎಂಜಿನ್ ಹಾಡುವುದು ಆರ್‌ಪಿಎಂ ಮೇಲೆ ಹೋದಾಗ. ಹೆದ್ದಾರಿಯಲ್ಲಿ ಆರನೇ ಗೇರಿನಲ್ಲಿ ಸುಮ್ನೆ ತಲೆ ಹಿಂದೆ ಗುಂಯ್ ಅನ್ನುತ್ತಾ ಕೂತಿರುತ್ತದೆ. ಹಾಡು ಕೇಳಬೇಕು ಅಂದರೆ ಜೈಲಿಗೆ ಹೋಗಬೇಕು.

ಹಳೇ ಕ್ಲಚ್: ಜಿಟಿಎಸ್ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಪೋರ್ಷೆಯಲ್ಲಿ ಆ ಮೂರು ಅಕ್ಷರ ಬಂದಿದ್ದು 904 ಕರೇರಾ ಜಿಟಿಎಸ್‌ನಿಂದ. 1964ರಲ್ಲಿ ಟಾರ್ಗಾ ಫ್ಲೋರಿಯೊ ರೇಸ್ ಗೆದ್ದ ಕಾರು. ಅದು ಗ್ರ್ಯಾನ್ ಟುರಿಸ್ಮೊ ಅಲ್ಲ ಅನ್ನುವವರು ಯಾಕೆ ಅಲ್ಲ ಅಂತ ಹೇಳಿ. ಹೌದು ಅನ್ನುವವರು ಕೇಮನ್ ಕೂಡ ಜಿಟಿ ಅಂತ ಒಪ್ಪಿ.

ಉದ್ದದಾರಿ: ಸ್ಪ್ಯಾನರ್ ಅಕ್ಕ ಹೇಳಿದ ಮೇಲೆ ಮತ್ತೆ ಹೋಗಿ ನೋಡಿದೆ. ಕೇಮನ್‌ನಲ್ಲಿರುವುದು 18 ಥರದ ಸೀಟು. ಮಾರುವವರನ್ನು ಬೇಡಿಕೊಂಡು ಎರಡನ್ನೂ ಒಂದೊಂದು ದಿನ ಹೆದ್ದಾರಿಯಲ್ಲಿ ಓಡಿಸಿದೆ. ಎಲ್‌ಸಿಯಲ್ಲಿ ನೋವು ಶುರುವಾಗಿದ್ದು ಮೂರು ಗಂಟೆಗೆ, ಕೇಮನ್‌ನಲ್ಲಿ ಎರಡೂ ಮುಕ್ಕಾಲು ಗಂಟೆಗೆ. ಹೆಂಡತಿ ಎಲ್‌ಸಿಯಲ್ಲಿ ನಿದ್ದೆ ಹೋದಳು, ಕೇಮನ್‌ನಲ್ಲಿ ಪೂರ್ತಿ ಎಚ್ಚರವಾಗಿದ್ದು ಮಾತಾಡುತ್ತಲೇ ಇದ್ದಳು. ಇದನ್ನು ಯಾವ ಕಡೆಗೆ ಲೆಕ್ಕ ಹಾಕಬೇಕೋ ಗೊತ್ತಿಲ್ಲ.

ಹೀಲ್‌ಟೋ: ಕಾಲು ಗಂಟೆ! ಬರೀ ಕಾಲು ಗಂಟೆ ಸುಖಕ್ಕೆ 500 ಕೆಜಿ ಹೊರುತ್ತೀರಾ?

ಸೋಫಾರಾಜ: ಹೋಗುವಾಗ ಕಾಲು, ಬರುವಾಗ ಕಾಲು, ತಿಂಗಳಿಗೆ ಎರಡು ಸಲ. ಒಂದು ಗಂಟೆ ಆಯಿತು. ವರ್ಷಕ್ಕೆ 12 ಗಂಟೆ ನೋವು ಉಳಿಯಿತು. ನಿಮ್ಮ ಘಾಟಿ ಖುಷಿ ಎಲ್ಲಾ ಸೇರಿದರೂ ಅಷ್ಟು ಗಂಟೆ ಆಗಲ್ಲ.

ಸ್ಪ್ಯಾನರ್ ಅಕ್ಕ: ಎಲ್‌ಸಿಯಲ್ಲಿ ರನ್‌ಫ್ಲಾಟ್ ಇತ್ತಾ, ಬದಲಾಯಿಸಿದ್ದರಾ?

ಉದ್ದದಾರಿ: ನೋಡಲು ಮರೆತೆ ಅಕ್ಕ. ನಾಳೆ ಹೋಗಿ ನೋಡುತ್ತೇನೆ.

ಹಳೇ ಕ್ಲಚ್: 904ರ ಬಗ್ಗೆ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.