ಮೊದಲ ಹವಳದ ತೊಟ್ಟಿಗೆ ಎಷ್ಟು ಬೆಳಕು ಬೇಕು?

ಪ್ರಶ್ನೆ:
ಸಿಹಿನೀರಿನ ಮೀನುಗಳನ್ನು ಆರು ವರ್ಷ ಸಾಕಿದ ಬಳಿಕ, ಬೆಂಗಳೂರಿನ ನಮ್ಮ ಮನೆಯಲ್ಲಿ 150 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಮೃದು ಹವಳಗಳನ್ನು ಬೆಳೆಸಬೇಕೆಂದಿದ್ದೇನೆ. ಅಂಗಡಿಯಲ್ಲಿ ಹೇಳುವ ವ್ಯಾಟ್ ಲೆಕ್ಕವನ್ನು ನಂಬಿ ಎಲ್‌ಇಡಿ ದೀಪವನ್ನು ಕೊಳ್ಳಬಹುದೇ?

ಉತ್ತರ 1:
ವ್ಯಾಟ್ ಎನ್ನುವುದು ದೀಪ ಬಳಸುವ ವಿದ್ಯುತ್ತಿನ ಅಳತೆಯೇ ಹೊರತು ಹವಳಕ್ಕೆ ತಲುಪುವ ಬೆಳಕಿನದಲ್ಲ. ಹವಳದ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ದ್ಯುತಿಸಂಶ್ಲೇಷಣೆಯಿಂದ ಅದಕ್ಕೆ ಆಹಾರ ಒದಗಿಸುವುದರಿಂದ, ಅವು ಬಳಸಬಲ್ಲ ಬೆಳಕನ್ನು, ಅಂದರೆ ಪಿಎಆರ್ ಮೌಲ್ಯವನ್ನು, ಹವಳ ಕೂರುವ ಆಳದಲ್ಲಿಯೇ ಅಳೆಯಬೇಕು. ಮೃದು ಹವಳಗಳಿಗೆ ಸಾಮಾನ್ಯವಾಗಿ 50ರಿಂದ 150 ಪಿಎಆರ್ ಸಾಕಾಗುತ್ತದೆ. 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಪ್ರಧಾನವಾಗಿರಲಿ. ಹೊಸ ದೀಪವನ್ನು ಮೊದಲ ದಿನವೇ ಪೂರ್ಣ ಪ್ರಖರತೆಯಲ್ಲಿ ಉರಿಸಿದರೆ ಹವಳವು ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳಬಹುದು; ನಾನು ಹೀಗೆಯೇ ಒಂದನ್ನು ಕಳೆದುಕೊಂಡು ಬಹಳ ನೊಂದಿದ್ದೇನೆ. ಕಡಿಮೆ ಬೆಳಕಿನಿಂದ ಆರಂಭಿಸಿ ಮೂರು ನಾಲ್ಕು ವಾರಗಳಲ್ಲಿ ಏರಿಸಿರಿ.

ಉತ್ತರ 2:
ದೀಪಕ್ಕಿಂತ ಮೊದಲು ನೀರನ್ನು ಸಿದ್ಧಪಡಿಸಿಕೊಳ್ಳಿ. ಆರ್‌ಒ-ಡಿಐ ನೀರಿಗೆ (ಸೋಸಿ, ಕರಗಿದ ಲವಣಗಳನ್ನು ತೆಗೆದ ಶುದ್ಧ ನೀರು) ಅಕ್ವೇರಿಯಂ ಉಪ್ಪನ್ನು ಬೆರೆಸಿ ಉಪ್ಪಿನಂಶವನ್ನು ತೋರಿಸುವ ಸಾಪೇಕ್ಷ ಸಾಂದ್ರತೆಯನ್ನು 1.025ಕ್ಕೆ ತಂದು, ಜೀವಿಗಳಿಗೆ ವಿಷವಾಗುವ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಶೂನ್ಯಕ್ಕಿಳಿಯುವವರೆಗೆ ಕಾಯಬೇಕು. ಇನ್ನೊಂದು ಮಾತು: ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ, ನೇತ್ರಾಣಿಯಂಥ ನಮ್ಮ ಕಡಲಿನಿಂದ ಕಿತ್ತು ತಂದುದನ್ನು ದಯವಿಟ್ಟು ಎಂದಿಗೂ ಕೊಳ್ಳಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ದೀಪದ ಖರೀದಿಯನ್ನು ಮುಂದೂಡಿ, ನೀರಿನ ಪರೀಕ್ಷಾ ಕಿಟ್ಟನ್ನು ಮೊದಲು ತರುತ್ತೇನೆ.