ವ್ಯಾಲರಂಟ್‌ಗೆ 5600ಜಿ ಸಾಕಾ, ಕಾರ್ಡ್ ಬೇಕಾ?

ಶಿರಸಿ_ಹುಡುಗ:
ವ್ಯಾಲರಂಟ್ ಆಡೋಕೆ ಪಿಸಿ ಕಟ್ಟಿಸ್ಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಗ್ರಾಫಿಕ್ಸ್ ಒಳಗೇ ಇರೋ ರೈಜನ್ 5 5600ಜಿ ಪ್ರೊಸೆಸರ್ ಒಳ್ಳೇದಾ, ಇಲ್ಲಾ ಐ3 12100ಎಫ್ ಪ್ರೊಸೆಸರ್ ಜೊತೆ ಸೆಕೆಂಡ್‌ಹ್ಯಾಂಡ್ ಜಿಟಿಎಕ್ಸ್ 1650 ಕಾರ್ಡಾ? ಮಾನಿಟರ್ 75 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 75 ಫ್ರೇಮ್ (ಚಿತ್ರ) ತೋರ್ಸತ್ತೆ. ಅಪ್ಪ ದುಡ್ಡು ಕೊಡ್ತಿರೋದು ಅಡಿಕೆ ಲೆಕ್ಕ ಬರೆಯೋಕೆ ಅಂತ. ಎರಡನೇ ಸಲ ಕೇಳೋಕಾಗಲ್ಲ.

ಕಾರವಾರ_ಕಡಲು:
75 ಹರ್ಟ್ಜ್‌ಗೆ 5600ಜಿ ಸಾಕು ಮಾರಾಯ. ಆದ್ರೆ 16 ಜಿಬಿಯ ಒಂದೇ ರ‍್ಯಾಮ್ ಹಾಕಿಸ್ಬೇಡ, 8ರ ಎರಡು ಹಾಕ್ಸು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಬಳಸ್ತದೆ. ಒಂದೇ ರ‍್ಯಾಮ್ ಹಾಕಿ ಸಿಂಗಲ್ ಚಾನೆಲ್ ಆದ್ರೆ ಸೆಕೆಂಡಿಗೆ ಬರೋ ಫ್ರೇಮ್ ತುಂಬಾ ಕಮ್ಮಿ ಆಗ್ತದೆ. ಅಂಗಡಿಯವರು ಇದನ್ನ ತಾವಾಗಿ ಹೇಳೋದು ಕಡಿಮೆ.

ಕುಮಟಾ_ಗೇಮರ್:
ನಾನಾದ್ರೆ 1650. ಅದಕ್ಕೆ ಸ್ವಂತ 4 ಜಿಬಿ ಇದೆ, ನಾಳೆ ದೊಡ್ಡ ಗೇಮ್ ಬೇಕು ಅನ್ಸಿದ್ರೂ ಎಳೀತದೆ. ಒಂದೇ ಹೆದರಿಕೆ: 12100ಎಫ್‌ನಂಥ ‘ಎಫ್’ ಚಿಪ್‌ನಲ್ಲಿ ಗ್ರಾಫಿಕ್ಸೇ ಇಲ್ಲ, ಕಾರ್ಡ್ ಇಲ್ದಿದ್ರೆ ಪರದೆ ಮೇಲೆ ಏನೂ ಬರಲ್ಲ. ಹಳೇ ಕಾರ್ಡ್ ಕೈಕೊಟ್ರೆ ಅಪ್ಪನ ಲೆಕ್ಕವೂ ಬಂದ್.

ಶಿರಸಿ_ಹುಡುಗ:
ಅಯ್ಯೋ, ಹಂಗಾದ್ರೆ 5600ಜಿನೇ. ಸಂಜೆ ಪಿಂಗ್ (ಗೇಮ್ ಸರ್ವರ್‌ಗೆ ಹೋಗಿ ಬರೋಕೆ ಹಿಡಿಯೋ ಸಮಯ) ಏರೋದು ಇದ್ರಿಂದ ಕಮ್ಮಿ ಆಗತ್ತಾ?

ಕಾರವಾರ_ಕಡಲು:
ಅದಕ್ಕೂ ಪಿಸಿಗೂ ಸಂಬಂಧ ಇಲ್ಲ. ಸರ್ವರ್ ಮುಂಬೈಲಿದೆ. ವೈಫೈ ಬಿಟ್ಟು ಕೇಬಲ್ ಎಳಿ, ಮಿಕ್ಕಿದ್ದು ನೆಟ್‌ನವರ ಹಣೆಬರಹ. ಉಳಿದ ದುಡ್ಡಲ್ಲಿ ಯುಪಿಎಸ್ ತಗೋ, ರೂಟರನ್ನೂ ಅದಕ್ಕೇ ಸಿಗಿಸು. ಶಿರಸಿ ಮಳೆಗಾಲ ಗೊತ್ತಲ್ಲ.